ಅಜ್ಜಂಪುರದ ಎಂಟು ಬಾಟಲಿ ನೀರು

ಇದನ್ನು ಬರೆಯುವಾಗ ಆ ವರ್ಷದ ದಿನಚರಿ ನನ್ನ ಮುಂದೆಯೇ ಇದೆ. ಆದರೂ ಕೆಲವು ವಿವರಗಳು ತಪ್ಪಿರಬಹುದು. ದಿನಚರಿಯ ಪ್ರಕಾರ ನಾನು ಅಜ್ಜಂಪುರಕ್ಕೆ ಬಾಟಲಿಗಳನ್ನು ಕೊಂಡೊಯ್ದದ್ದು ಕಡುಬೇಸಗೆಯಲ್ಲಿ. ನೆನಪಿನಲ್ಲಿ ಮಾತ್ರ ರೈಲಿನ ಕಿಟಕಿಯಿಂದ ಮಳೆಯ ಎರಚಲು ಹೊಡೆಯುತ್ತಿದೆ, ಪೆಟ್ಟಿಗೆ ನೆನೆಯದಂತೆ ನಾನು ಸೆರಗು ಹೊದಿಸುತ್ತಿದ್ದೇನೆ. ಎರಡರಲ್ಲಿ ಒಂದು ಸುಳ್ಳು. ದಿನಚರಿಯನ್ನೇ ನಂಬೋಣವೆಂದರೆ ಅದನ್ನು ಬರೆದವಳ ಮೇಲೆ ನನಗೆ ಈಗ ಅಷ್ಟು ವಿಶ್ವಾಸವಿಲ್ಲ. ಅವಳಿಗೆ ಇಪ್ಪತ್ತಾರು ವರ್ಷ. ಮೈಸೂರಿನಲ್ಲಿ ಓದಿ ಎಂ.ಎಸ್ಸಿ. ಮಾಡಿದ್ದಳು, ತನ್ನನ್ನು ಬಿಟ್ಟು ಉಳಿದವರೆಲ್ಲ ದಡ್ಡರೆಂದು ತಿಳಿದಿದ್ದಳು. ತಾನು ನೋಡಿದ್ದನ್ನಷ್ಟೇ ಬರೆದಿದ್ದಾಳೆ. ನೋಡದೆ ಬಿಟ್ಟದ್ದು ಬಹಳ.

ಎಂಬತ್ತರ ದಶಕದ ಮೊದಲ ವರ್ಷಗಳು. ಕಡೂರು, ತರೀಕೆರೆ, ಅಜ್ಜಂಪುರದ ಮನೆಗಳಲ್ಲಿ ಜನ ಕುಡಿಯುವ ನೀರಿಗೆ ಹೊಲಸು ಸೇರಿದೆಯೇ ಎಂದು ಪರೀಕ್ಷಿಸುವ ಒಂದು ವರ್ಷದ ತಾತ್ಕಾಲಿಕ ಯೋಜನೆಯಲ್ಲಿ ನನಗೆ ಕೆಲಸ ಸಿಕ್ಕಿತ್ತು. ಕಡೂರಿನಲ್ಲಿ ಬಾಡಿಗೆಗೆ ಹಿಡಿದ ಒಂದು ಮನೆಯ ಎರಡು ಕೋಣೆಗಳೇ ಪ್ರಯೋಗಾಲಯ. ಹದಿನೈದು ದಿನಕ್ಕೊಮ್ಮೆ ಬೆಂಗಳೂರಿನಿಂದ ಬಂದು ಸಹಿ ಹಾಕಿ ಹೋಗುವ ಮೇಲಧಿಕಾರಿ ಒಬ್ಬರು, ಎಮ್ಮೆದೊಡ್ಡಿ ಕಡೆಯ ಐವತ್ತು ದಾಟಿದ ಅಟೆಂಡರ್ ಒಬ್ಬರು, ಮತ್ತು ನಾನು. ಇಷ್ಟೇ ಸಿಬ್ಬಂದಿ.

ಕೆಲಸದ ಕ್ರಮ ಕಷ್ಟದ್ದಲ್ಲ, ಆದರೆ ಒಂದು ಹೆಜ್ಜೆ ತಪ್ಪಿದರೂ ಎಲ್ಲವೂ ವ್ಯರ್ಥ. ಗಾಜಿನ ಬಾಟಲಿಗಳನ್ನು ತೊಳೆದು, ಮುಚ್ಚಳದ ಮೇಲೆ ಕಂದು ಕಾಗದ ಕಟ್ಟಿ, ದೊಡ್ಡ ಪ್ರೆಷರ್ ಕುಕ್ಕರಿನಂಥ ಪಾತ್ರೆಯಲ್ಲಿ ಹಬೆಗೆ ಇಡಬೇಕು. ಮನೆಗೆ ಹೋಗಿ ನಲ್ಲಿಯ ಬಾಯಿಯನ್ನು ಸ್ಪಿರಿಟ್ಟಿನ ಉರಿಯಿಂದ ಸುಟ್ಟು, ಎರಡು ನಿಮಿಷ ನೀರು ಹರಿಯಬಿಟ್ಟು, ಬಾಟಲಿಯ ಬಾಯಿಗೆ ಬೆರಳು ತಾಕದ ಹಾಗೆ ತುಂಬಿಸಬೇಕು. ಮಂಜುಗಡ್ಡೆ ಮತ್ತು ಮರದ ಹೊಟ್ಟು ತುಂಬಿದ ಪೆಟ್ಟಿಗೆಯಲ್ಲಿ ಇಟ್ಟು ಆರು ಗಂಟೆಯೊಳಗೆ ಕಡೂರಿಗೆ ತರಬೇಕು. ಮಂಜುಗಡ್ಡೆಯನ್ನು ಐಸ್‌ಕ್ಯಾಂಡಿ ಮಾಡುವವರ ಹತ್ತಿರ ಕೇಳಿ ತರುತ್ತಿದ್ದೆವು. ಆಮೇಲೆ ಪ್ರತಿ ಬಾಟಲಿಯ ನೀರನ್ನು ನೇರಳೆ ಬಣ್ಣದ ದ್ರಾವಣವಿರುವ ಹದಿನೈದು ಗಾಜಿನ ನಳಿಕೆಗಳಿಗೆ ಅಳೆದು ಹಾಕುವುದು. ಪ್ರತಿ ನಳಿಕೆಯೊಳಗೆ ಇನ್ನೊಂದು ಪುಟ್ಟ ನಳಿಕೆ ಬೋರಲಾಗಿ ಮುಳುಗಿರುತ್ತದೆ. ಮೈಬಿಸಿಯಷ್ಟು ಶಾಖದಲ್ಲಿ ಎರಡು ದಿನ ಇಟ್ಟರೆ, ನೀರಿಗೆ ಮಲದ ಕ್ರಿಮಿ ಸೇರಿದ್ದಲ್ಲಿ ನೇರಳೆ ಹಳದಿಯಾಗುತ್ತದೆ, ಬೋರಲು ನಳಿಕೆಯ ತುದಿಯಲ್ಲಿ ಗಾಳಿಯ ಗುಳ್ಳೆ ನಿಲ್ಲುತ್ತದೆ. ಎಷ್ಟು ನಳಿಕೆಯಲ್ಲಿ ಗುಳ್ಳೆ ಎಂದು ಎಣಿಸಿದರೆ ಮುಗಿಯಿತು.

ಶಾಖದ ಪೆಟ್ಟಿಗೆಗೆ ವಿದ್ಯುತ್ತು ಬೇಕು, ಅದು ಕಡೂರಿನಲ್ಲಿ ತನಗೆ ಬೇಕಾದಾಗ ಬರುತ್ತಿತ್ತು. ಹೋದಾಗ ಬಿಸಿನೀರಿನ ಪಾತ್ರೆಗಳನ್ನು ಪೆಟ್ಟಿಗೆಯೊಳಗಿಟ್ಟು, ಮೇಲೆ ಕಂಬಳಿ ಹೊದಿಸಿ, ಥರ್ಮಾಮೀಟರ್ ನೋಡುತ್ತ ಕೂರುತ್ತಿದ್ದೆ. ಅಟೆಂಡರ್ ಬಾಗಿಲಲ್ಲಿ ನಿಂತು, "ಕಾವಿಗೆ ಕೂತವ್ರೆ ನಮ್ ಮೇಡಮ್ನೋರು. ಮರಿ ಆದ್ಮೇಲೆ ನಂಗೂ ಒಂದು ಕೊಡಿ," ಎನ್ನುತ್ತಿದ್ದರು. ನಾನು ನಗುತ್ತಿರಲಿಲ್ಲ. ದಿನಚರಿಯಲ್ಲಿ "ಅಟೆಂಡರಿಗೆ ಕೆಲಸದ ಗಾಂಭೀರ್ಯ ತಿಳಿಯದು" ಎಂದು ಬರೆದಿದ್ದೇನೆ. ಈಗ ಓದಿದರೆ ಅವರ ಮಾತೇ ಆ ಪುಟದಲ್ಲಿ ಉಳಿದಿರುವ ಒಂದೇ ಜೀವಂತ ವಾಕ್ಯ.

ಮನೆಗಳಲ್ಲಿ ನಾವು ಮೂರು ಬಗೆಯ ನೀರು ನೋಡಬೇಕಿತ್ತು. ನಲ್ಲಿಯದು, ಫಿಲ್ಟರಿನದು, ಬಾಟಲಿಯದು. ಬಾಟಲಿ ನೀರು ಆ ಕಾಲಕ್ಕೆ ನಮ್ಮ ಕಡೆ ಇರಲೇ ಇಲ್ಲ ಎಂದು ಈಗ ಎಲ್ಲರೂ ಹೇಳುತ್ತಾರೆ. ಇತ್ತು. ತರೀಕೆರೆಯಲ್ಲಿ ಸೋಡಾ ಮಾಡುವವನೊಬ್ಬ ಬರಿ ನೀರನ್ನೇ ಬಾಟಲಿಗೆ ತುಂಬಿ, ತಗಡಿನ ಬಿರಡೆ ಒತ್ತಿ, ಬೆಟ್ಟದ ಒರತೆಯ ನೀರೆಂದು ಮಾರುತ್ತಿದ್ದ. ಕೊಳ್ಳುತ್ತಿದ್ದವರು ಬೆರಳೆಣಿಕೆಯಷ್ಟು ಜನ: ಪ್ರವಾಸದಲ್ಲಿರುವ ಅಧಿಕಾರಿಗಳು, ಮದುವೆಗೆ ಬಂದ ಪಟ್ಟಣದ ಬೀಗರು, ಮತ್ತು ನಮ್ಮ ಮೇಲಧಿಕಾರಿ. ಅವರು ಕಡೂರಿಗೆ ಬಂದಾಗಲೆಲ್ಲ ಮೇಜಿನ ಮೇಲೆ ಆ ಬಾಟಲಿ ಎರಡಿರಬೇಕು. ನಾನು ಅದರಲ್ಲಿ ಒಂದನ್ನು ಪರೀಕ್ಷೆಗೆ ಹಾಕಿದೆ. ಹದಿನೈದಕ್ಕೆ ಹದಿನೈದೂ ಗುಳ್ಳೆ. ತರೀಕೆರೆಗೆ ಹೋಗಿ ನೋಡಿದರೆ ಬೆಟ್ಟದ ಒರತೆ ಅವನ ಅಂಗಡಿಯ ಹಿಂದಿನ ತೊಟ್ಟಿಯಲ್ಲೇ ಇತ್ತು, ಪಕ್ಕದಲ್ಲಿ ಎಮ್ಮೆ ಕಟ್ಟಿತ್ತು. ಮೇಲಧಿಕಾರಿಗೆ ಹೇಳಿದೆ. ಅವರು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, ತಿಳಿಯಾಗಿಯೇ ಇದೆಯಲ್ಲ ಎಂದರು. ವರದಿಯಲ್ಲಿ ಬಾಟಲಿಯ ಕಾಲಂ ಬೇಕಾಗಿಲ್ಲ, ಮೂರು ಊರಿಗೆ ಒಬ್ಬನೇ ಮಾರುವವನು, ಅದನ್ನು ಮಾದರಿ ಎನ್ನಲಾಗದು ಎಂದರು. ಆಮೇಲೆ ಅದೇ ಬಾಟಲಿ ಬಗ್ಗಿಸಿಕೊಂಡು ಕುಡಿದರು. ಅವರನ್ನು ತಿರಸ್ಕರಿಸಲು ನನಗೆ ಅಷ್ಟು ಸಾಕಾಗಿತ್ತು. ಇವತ್ತಿಗೂ ಸಾಕು.

ಫಿಲ್ಟರಿನ ಮನೆಗಳದು ಇನ್ನೊಂದು ಕಥೆ. ಹೊಳೆಯುವ ಸ್ಟೀಲಿನ ಎರಡು ಡಬ್ಬಿ ಒಂದರ ಮೇಲೊಂದು, ಮೇಲಿನದರಲ್ಲಿ ಎರಡು ಬಿಳಿ ಪಿಂಗಾಣಿ ಕ್ಯಾಂಡಲ್, ಕೆಳಗಿನದಕ್ಕೊಂದು ಪುಟ್ಟ ನಲ್ಲಿ. ಅಡುಗೆಮನೆಯಲ್ಲಿ ಇರಬೇಕಾದ ವಸ್ತು ಇವರ ಹಜಾರದಲ್ಲಿ, ಬಂದವರಿಗೆ ಕಾಣುವಂತೆ, ಕ್ರೋಷಾ ಬಟ್ಟೆಯ ಮೇಲೆ ಕೂತಿರುತ್ತಿತ್ತು. ಕೆಲವರು ಅದಕ್ಕೆ ಆಯುಧಪೂಜೆಯಲ್ಲಿ ಇಟ್ಟ ಕುಂಕುಮವನ್ನು ಮುಂದಿನ ಆಯುಧಪೂಜೆಯವರೆಗೆ ಒರೆಸುತ್ತಿರಲಿಲ್ಲ. ಕ್ಯಾಂಡಲನ್ನು ಬಿಚ್ಚಿ, ಉಜ್ಜಿ, ಕುದಿಸಬೇಕೆಂದು ಹೇಳಿದರೆ, ಶುದ್ಧ ಮಾಡುವ ವಸ್ತುವನ್ನೇ ಶುದ್ಧ ಮಾಡಬೇಕೇ ಎಂದು ಕೇಳುತ್ತಿದ್ದರು. ಬಿಚ್ಚಿ ನೋಡಿದಾಗ ಕ್ಯಾಂಡಲ್ ಮುಟ್ಟಿದರೆ ಲೋಳೆ.

ಅಂಥ ಮನೆಗಳಲ್ಲಿ ಒಂದು ನನ್ನ ಅಕ್ಕನದು. ಅವಳನ್ನು ಅಜ್ಜಂಪುರಕ್ಕೆ ಕೊಟ್ಟಿತ್ತು. ಭಾವನವರದು ಧಾನ್ಯದ ಮಂಡಿ, ಮಠಕ್ಕೆ ನಡೆದುಕೊಳ್ಳುವ ಮನೆತನ, ಆ ಬೀದಿಯ ಎಂಟು ಮನೆಗಳೂ ಹೆಚ್ಚುಕಡಿಮೆ ಒಂದೇ ಬಳಗ. ಅಕ್ಕನಿಗೆ ಒಂಬತ್ತು ತಿಂಗಳ ಹೆಣ್ಣುಮಗು. ಭಾವನಿಗೆ ತಮ್ಮ ಫಿಲ್ಟರಿನ ವೇಗದ ಮೇಲೆ ವಿಪರೀತ ಅಭಿಮಾನ. "ಪಕ್ಕದ ಮನೇದು ಒಂದ್ ಕೊಡ ಇಳಿಯೋಕೆ ಸಾಯಂಕಾಲ ಆಯ್ತದೆ. ನಮ್ದು ಹಿಂಗ್ ಹುಯ್ದ್ರೆ ಹಂಗ್ ಬತ್ತದೆ, ನೋಡಿಲ್ಲಿ," ಎಂದು ನೀರು ಹುಯ್ದು ತೋರಿಸಿದರು. ನಾನು ಮುಚ್ಚಳ ತೆಗೆದು ಕೈ ಹಾಕಿದೆ. ಕ್ಯಾಂಡಲ್ ಕೂರುವ ತೂತಿಗೆ ಇರಬೇಕಾದ ರಬ್ಬರ್ ವಾಷರ್ ಇರಲೇ ಇಲ್ಲ. ನೀರು ಕ್ಯಾಂಡಲಿನ ಗೋಜಿಗೇ ಹೋಗದೆ ಸಂದಿನಲ್ಲಿ ಸರಾಗವಾಗಿ ಕೆಳಗಿಳಿಯುತ್ತಿತ್ತು. ಮದುವೆಯಲ್ಲಿ ಉಡುಗೊರೆಯಾಗಿ ಬಂದ ಫಿಲ್ಟರ್ ಅದು. ಮೂರು ವರ್ಷ ಮೇಲಿನ ಡಬ್ಬಿಯಿಂದ ಕೆಳಗಿನ ಡಬ್ಬಿಗೆ ನೀರು ಸುರಿದುಕೊಂಡು ಕುಡಿದಿದ್ದರು.

ಮಗುವಿಗೆ ಮಾತ್ರ ಅದರ ನೀರು ಕೊಡುತ್ತಿರಲಿಲ್ಲ. ಅಕ್ಕನ ಅತ್ತೆಗೆ ಆ ಡಬ್ಬಿಯಲ್ಲಿ ನಂಬಿಕೆಯಿರಲಿಲ್ಲ. ದಿನವೂ ಬೆಳಿಗ್ಗೆ ಒಲೆ ಹಚ್ಚಿ, ನೀರು ಕುದಿಸಿ, ಮಡಿ ಬಟ್ಟೆಯಲ್ಲಿ ಸೋಸಿ, ತಾಮ್ರದ ಬಿಂದಿಗೆಯಲ್ಲಿ ಆರಿಸಿ ಇಡಿಸುತ್ತಿದ್ದರು. ಮಠದಿಂದ ಸ್ವಾಮಿಗಳು ಬಂದರೆ ಅದೇ ನೀರು, ಮಗುವಿಗೂ ಅದೇ. ಮಾಡುತ್ತಿದ್ದವಳು ಅಕ್ಕ. ಹಸಿ ಸೌದೆ, ಹೊಗೆ, ಕಣ್ಣು ಕೆಂಪು. ನಾನು ಅತ್ತೆಯನ್ನು ಕಂಡರೆ ಉರಿದುಬೀಳುತ್ತಿದ್ದದ್ದಕ್ಕೆ ಇದೊಂದು ಕಾರಣ. ಇನ್ನೊಂದು, ಅವರು ಸಿಕ್ಕಾಗಲೆಲ್ಲ ನನ್ನ ಮದುವೆಯ ವಿಷಯ ಎತ್ತುತ್ತಿದ್ದರು. "ಊರೂರಿನ್ ನೀರು ಕುಡಿಸಿ ನೋಡ್ತೀಯ, ನಿನ್ ಮನೆ ನೀರು ಯಾವಾಗವ್ವ ಕುಡಿಯೋದು?"

ಇಲ್ಲಿಗೆ ನನ್ನ ತಪ್ಪಿನ ಹತ್ತಿರ ಬಂದೆ. ಅಜ್ಜಂಪುರದಲ್ಲಿ ನಲ್ಲಿ ಬರುತ್ತಿದ್ದದ್ದು ದಿನ ಬಿಟ್ಟು ದಿನ, ಬೆಳಿಗ್ಗೆ ಆರಕ್ಕೆ, ಮುಕ್ಕಾಲು ಗಂಟೆ. ಕಡೂರಿನಿಂದ ರೈಲು ತಲಪುವಾಗ ಒಂಬತ್ತಾಗುತ್ತಿತ್ತು. ನೀರು ನಾನೇ ಹಿಡಿಯಬೇಕೆಂದರೆ ಹಿಂದಿನ ದಿನವೇ ಹೋಗಿ ಅಕ್ಕನ ಮನೆಯಲ್ಲಿ ಉಳಿಯಬೇಕು, ಅತ್ತೆಯ ಎದುರು ಕೂತು ಊಟ ಮಾಡಬೇಕು. ಅದು ನನಗೆ ಬೇಡವಾಗಿತ್ತು. ಆದ್ದರಿಂದ ಒಂದು ಸಂಜೆ ಹೋಗಿ ಬೀದಿಯ ಎಂಟು ಮನೆಗೂ ಎರಡೆರಡು ಬಾಟಲಿ ಕೊಟ್ಟೆ. ಕೆಂಪು ದಾರ ಕಟ್ಟಿದ್ದಕ್ಕೆ ಬೆಳಿಗ್ಗೆ ನಲ್ಲಿಯ ನೀರು, ಬಿಳಿ ದಾರ ಕಟ್ಟಿದ್ದಕ್ಕೆ ಫಿಲ್ಟರಿನ ನೀರು. ಹೇಗೆ ಹಿಡಿಯಬೇಕು, ಎಲ್ಲಿ ಮುಟ್ಟಬಾರದು, ಎಲ್ಲವನ್ನೂ ಹೇಳಿದೆ. ಮಕ್ಕಳಿಗೆ ಪಾಠ ಮಾಡುವ ಧ್ವನಿಯಲ್ಲಿ ಹೇಳಿರಬೇಕು. ಹೆಂಗಸರು ತಲೆಯಾಡಿಸಿದರು. ಕಡೆಯ ರೈಲಿಗೆ ಹಿಂತಿರುಗಿದೆ. ಮರುದಿನ ಬಂದಾಗ ಹದಿನಾರು ಬಾಟಲಿಗಳೂ ತುಂಬಿ, ಒರೆಸಿ, ಜಗಲಿಯ ಮೇಲೆ ಸಾಲಾಗಿ ಇದ್ದವು. ನಮೂನೆಯಲ್ಲಿ "ಸಂಗ್ರಹಿಸಿದವರು" ಎಂಬ ಜಾಗದಲ್ಲಿ ಎಂಟು ಮನೆಗೂ ನನ್ನ ಸಹಿ ಹಾಕಿದೆ. ಆ ಸಹಿ ಹಾಕುವಾಗ ಕೈ ತಡೆದಿತ್ತೇ? ದಿನಚರಿ ಏನೂ ಹೇಳುವುದಿಲ್ಲ. ತಡೆದಿರಲಿಕ್ಕಿಲ್ಲ.

ಎರಡು ದಿನದ ಬಳಿಕ ಪೆಟ್ಟಿಗೆ ತೆರೆದಾಗ ನನಗೆ ಹಬ್ಬ. ಬಿಳಿ ದಾರದವು, ಅಂದರೆ ಫಿಲ್ಟರಿನವು, ಎಂಟಕ್ಕೆ ಏಳು ಹಳದಿ. ಕೆಂಪು ದಾರದವು, ನಲ್ಲಿಯವು, ಎಂಟಕ್ಕೆ ಎಂಟೂ ಹಾಕಿದ ನೇರಳೆಯಂತೆಯೇ ನಿಂತಿದ್ದವು. ಒಂದು ಗುಳ್ಳೆಯಿಲ್ಲ. ಕಡೂರು ಮತ್ತು ತರೀಕೆರೆಯಲ್ಲಿ ನಾನೇ ಬೆಳಿಗ್ಗೆ ಎದ್ದು ಹೋಗಿ ಹಿಡಿದ ನಲ್ಲಿ ನೀರಿನಲ್ಲಿ ಅರ್ಧಕ್ಕರ್ಧ ಕೆಟ್ಟಿತ್ತು. ಅಜ್ಜಂಪುರ ಒಂದೇ ಇಷ್ಟು ನಿರ್ಮಲ ಹೇಗೆ ಎಂದು ಅಟೆಂಡರ್ ಕೇಳಿದರು. "ಆ ಬೀದೀಲಿ ನಲ್ಲಿ ಎಲ್ಲ ಗುಂಡೀಲವೆ ಮೇಡಮ್ನೋರೆ. ನಾನೇ ನೋಡಿವ್ನಿ." ಒತ್ತಡ ಸಾಲದೆಂದು ನೆಲ ಅಗೆದು, ಪೈಪನ್ನು ಕತ್ತರಿಸಿ, ಮೊಣಕಾಲಾಳದ ಗುಂಡಿಯೊಳಗೆ ನಲ್ಲಿ ಇಳಿಸುವುದು ಆಗ ಎಲ್ಲೆಡೆ ರೂಢಿ. ನೀರು ನಿಂತೊಡನೆ ಗುಂಡಿಯ ಕೊಚ್ಚೆ ಪೈಪಿನೊಳಕ್ಕೆ ಎಳೆದುಕೊಳ್ಳುತ್ತದೆ. ಇದು ಅವರಿಗಿಂತ ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಅಲ್ಲಿ ಹೊಸ ಬೋರು, ಹೊಸ ಟ್ಯಾಂಕು ಎಂದು ಉತ್ತರ ಕೊಟ್ಟೆ. ನನಗೆ ಆ ಫಲಿತಾಂಶ ಬೇಕಾಗಿತ್ತು. ಹಜಾರದ ಆ ಸ್ಟೀಲು ಡಬ್ಬಿಗಳಿಗೆ ಇಷ್ಟು ಚೆಂದದ ಅವಮಾನ ಇನ್ನೊಂದಿರಲಿಲ್ಲ.

ಮುಂದಿನ ವಾರ ಅಕ್ಕನ ಮನೆಯ ಹಜಾರದಲ್ಲೇ ಫಲಿತಾಂಶ ಓದಿ ಹೇಳಿದೆ. ಭಾವ, ಅಕ್ಕ, ಅತ್ತೆ, ಪಕ್ಕದ ಮನೆಯ ಇಬ್ಬರು ಹೆಂಗಸರು. ಫಿಲ್ಟರ್ ಕೊಳಕು, ನಲ್ಲಿ ಶುದ್ಧ. ಈ ಡಬ್ಬಿಯನ್ನು ಅಕ್ಕಿ ಹಾಕಿಡಲು ಬಳಸಿ ಎಂದೆ. ಭಾವನ ಮುಖ ಸಣ್ಣಗಾದದ್ದನ್ನು ನೋಡಿ ಖುಷಿಪಟ್ಟೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಅತ್ತೆಯ ಕಡೆ ತಿರುಗಿ, ಮಗುವಿಗೆಂದು ಸೌದೆ ಸುಡುವುದೂ ದಂಡ, ನಲ್ಲಿಯದನ್ನೇ ನೇರವಾಗಿ ಕುಡಿಸಬಹುದು ಎಂದೆ.

"ಅಲ್ಲ ಕಣವ್ವ, ಆ ಬಾಟ್ಲೀಲಿ..." ಎಂದರು ಅತ್ತೆ.

"ಬಾಟ್ಲಿ ವಿಷ್ಯ ನನಗೆ ಬಿಡಿ, ಅತ್ತೆ. ನಾನು ಓದಿರೋದೇ ಅದನ್ನ," ಎಂದೆ.

ಈ ಎರಡು ವಾಕ್ಯಗಳು ದಿನಚರಿಯಲ್ಲಿಲ್ಲ. ಆದರೆ ಮಳೆಯ ಎರಚಲಿನ ಹಾಗೆ ಇವನ್ನು ನನ್ನ ನೆನಪು ಸುಮ್ಮನೆ ಹುಟ್ಟಿಸಿಕೊಂಡಿರಲಾರದು ಎಂದು ನಂಬಿದ್ದೇನೆ. ಇವು ನನಗೆ ಯಾವ ರೀತಿಯಲ್ಲೂ ಅನುಕೂಲದವಲ್ಲ.

ಹನ್ನೆರಡೋ ಹದಿಮೂರೋ ದಿನ ಕಳೆದಿರಬೇಕು. ಭಾವನ ಮಂಡಿಯಿಂದ ನಮ್ಮ ಪಕ್ಕದ ಅಂಗಡಿಗೆ ಫೋನು ಬಂತು. ಮಗುವನ್ನು ತರೀಕೆರೆಯ ಆಸ್ಪತ್ರೆಗೆ ಸೇರಿಸಿದ್ದಾರೆ, ಭೇದಿ, ವಾಂತಿ, ಎರಡು ದಿನದಿಂದ. ಮಧ್ಯಾಹ್ನದ ಬಸ್ಸಿಗೆ ಹೊರಟೆ.

ಮಗು ಅಳುತ್ತಿರಲಿಲ್ಲ. ನನಗೆ ಮೊದಲು ಭಯವಾದದ್ದು ಅದಕ್ಕೆ. ನೆತ್ತಿ ಗುಳಿ ಬಿದ್ದಿತ್ತು, ಕಣ್ಣು ಒಳಗೆ ಹೋಗಿತ್ತು. ವೈದ್ಯರು ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಬಿಟ್ಟರೆ ಅದು ಎತ್ತಿದ ಹಾಗೇ ನಿಂತಿತು. ಕಾಲಿನಲ್ಲಿ ನರ ಹುಡುಕಿ ಡ್ರಿಪ್ ಹಾಕಿದ್ದರು. ರಾತ್ರಿ ಕಳೆದರೆ ಉಳಿಯುತ್ತದೆ ಎಂದರು. ಆಮೇಲೆ ಅಕ್ಕನನ್ನು ಕೇಳಿದರು, ಮನೆಯಲ್ಲಿ ಯಾವ ನೀರು ಕುಡಿಸುತ್ತಿದ್ದೀರಿ ಎಂದು.

"ನಲ್ಲಿ ನೀರೇ ಡಾಕ್ಟ್ರೇ," ಎಂದಳು ಅಕ್ಕ. "ಕುದಿಸ್ತಿದ್ವಿ, ಈಗ ನಿಲ್ಸಿದ್ವಿ. ಇವಳೇ ನನ್ ತಂಗಿ. ಇವಳೇ ಪರೀಕ್ಷೆ ಮಾಡಿ ಹೇಳಿದ್ದು."

ಅವಳ ಧ್ವನಿಯಲ್ಲಿ ಆರೋಪವಿರಲಿಲ್ಲ. ವೈದ್ಯರಿಗೆ ನನ್ನನ್ನು ಪರಿಚಯ ಮಾಡಿಸುವಂತೆ ಹೇಳಿದಳು. ವೈದ್ಯರು ನನ್ನತ್ತ ನೋಡಿ, ಅಜ್ಜಂಪುರದ ಆ ಬೀದಿಯಿಂದ ಇದು ಈ ತಿಂಗಳ ನಾಲ್ಕನೆಯ ಮಗು ಎಂದರು. ನಾನು ವಾದಕ್ಕೆ ನಿಂತೆ. ಎಂಟು ಮಾದರಿ, ಒಂದರಲ್ಲೂ ಗುಳ್ಳೆಯಿಲ್ಲ, ಕಾಯಿಲೆ ಬೇರೆ ಯಾವುದರಿಂದಲೋ ಬಂದಿದೆ ಎಂದೆ. ಡ್ರಿಪ್ಪಿನ ಕೆಳಗೆ ಮಲಗಿದ ಮಗುವಿನ ಮುಂದೆ ನಿಂತು ನನ್ನ ನಳಿಕೆಗಳ ಪರವಾಗಿ ಮಾತಾಡಿದ ಆ ಹೆಂಗಸಿನ ಬಗ್ಗೆ ನನಗೆ ಇವತ್ತು ಹೇಸಿಗೆಯ ಹೊರತು ಬೇರೆ ಭಾವನೆ ಇಲ್ಲ.

ಅಷ್ಟರಲ್ಲಿ ಭಾವ ಬಂದರು. ಕೈಯಲ್ಲಿ ಬಿರಡೆ ಒತ್ತಿದ ಬಾಟಲಿಗಳು, ಒಂದು ಡಜನ್. ಫಿಲ್ಟರೂ ಬೇಡ, ನಲ್ಲಿಯೂ ಬೇಡ, ಇನ್ನು ಮಗುವಿಗೆ ಬೆಟ್ಟದ ನೀರೇ ಎಂದರು. ದೊಡ್ಡ ಅಧಿಕಾರಿಗಳೆಲ್ಲ ಇದನ್ನೇ ಕುಡಿಯುತ್ತಾರಂತೆ ಎಂದೂ ಸೇರಿಸಿದರು. ವೈದ್ಯರು ಕೊಟ್ಟ ಉಪ್ಪು-ಸಕ್ಕರೆ ಪುಡಿಯನ್ನು ಕಲಸಲು ಅಕ್ಕ ಒಂದು ಬಾಟಲಿಯ ಬಿರಡೆ ತೆಗೆಯುತ್ತಿದ್ದಳು. ಕಿತ್ತುಕೊಂಡೆ. ಅದರಲ್ಲಿ ಏನಿದೆಯೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮೇಲಧಿಕಾರಿಯ ಮಾತಿಗೆ ಆ ಕಾಲಂ ಬಿಟ್ಟಿದ್ದೆ. ಹನ್ನೆರಡೂ ಬಾಟಲಿ ಆಸ್ಪತ್ರೆಯ ಮೋರಿಗೆ ಸುರಿದೆ. ಭಾವ, "ಇದೂ ಬ್ಯಾಡ, ಅದೂ ಬ್ಯಾಡ. ಹಂಗಾರೆ ಏನ್ ಕುಡಿಸೋಣ, ನೀನೇ ಹೇಳು," ಎಂದರು. ಅತ್ತೆ ಎದ್ದು, ಆಸ್ಪತ್ರೆಯ ಹಿಂದೆ ಆಯಾ ಒಲೆ ಹಚ್ಚಿದ್ದ ಕಡೆಗೆ ತಂಬಿಗೆ ಹಿಡಿದುಕೊಂಡು ಹೋದರು.

ನೀರು ಕುದಿಯುವವರೆಗೆ ಅವರ ಪಕ್ಕದಲ್ಲಿ ಕೂತೆ. ನಲ್ಲಿ ನೀರು ಶುದ್ಧವಾಗಿಯೇ ಇತ್ತು ಎಂದು ಮತ್ತೆ ಹೇಳಿದೆ, ಈ ಸಲ ಸಣ್ಣ ದನಿಯಲ್ಲಿ. ಅವರು ಬೆಂಕಿ ಸರಿಮಾಡುತ್ತ ಹೇಳಿದರು:

"ನಲ್ಲಿ ನೀರು ಯಾರ್ ಕೊಟ್ರವ್ವ ನಿಂಗೆ? ಮನೆ ಬಿಟ್ಟು ಆಚೆ ಹೋಗೋ ನೀರು. ಕೇಳ್ಕಂಡು ಬಂದೋರ ಕೈಗೆ ಗುಂಡಿ ನೀರು ಹಾಕಿ ಕಳಿಸ್ತಾರಾ ಯಾರಾನಾ? ಕುದಿಸಿ ಆರಿಸಿದ್ದನ್ನೇ ಹುಯ್ದು ಕೊಟ್ವಿ. ಸ್ವಾಮಿಗಳಿಗೆ ಇಡೋ ನೀರು ಕಣವ್ವ ಅದು."

ಉಳಿದ ಮನೆಗಳವರೋ ಎಂದೆ. ಅವರೂ ಹಾಗೆಯೇ ಎಂದರು. ನಾನು ಬಾಟಲಿ ಕೊಟ್ಟು ಹೋದ ಮೇಲೆ ಎಂಟು ಮನೆಯ ಹೆಂಗಸರೂ ಜಗಲಿಯಲ್ಲಿ ಸೇರಿ ಮಾತಾಡಿಕೊಂಡಿದ್ದರಂತೆ. ನೀರು ಕೇಳಿದವರಿಗೆ ಮನೆಯಲ್ಲಿರುವುದರಲ್ಲಿ ಒಳ್ಳೆಯದನ್ನು ಕೊಡಬೇಕು, ಅದರಲ್ಲೂ ಬೀಗರ ಮಗಳು ಕೇಳಿದ್ದಾಳೆ. ಫಿಲ್ಟರಿನ ನೀರನ್ನು ಹಾಗೇ ಕೊಟ್ಟರು, ಯಾಕೆಂದರೆ ಅದು ಒಳ್ಳೆಯದೆಂದೇ ಗಂಡಸರು ಹೇಳುತ್ತಿದ್ದರು. ನಲ್ಲಿಯ ನೀರನ್ನು ಕೊಡಲು ಮಾತ್ರ ಯಾರಿಗೂ ಮನಸ್ಸು ಬರಲಿಲ್ಲ. ಕುದಿಸಿದ ನೀರು ಇನ್ನಾವ ಮನೆಯಲ್ಲೂ ಇರಲಿಲ್ಲ, ಏಳೂ ಮನೆಯವರು ಇವರ ಬಿಂದಿಗೆಯಿಂದಲೇ ತುಂಬಿಸಿಕೊಂಡು ಹೋದರಂತೆ.

"ಅವತ್ತು ಹೇಳೋಕ್ ಬಂದೆ," ಎಂದರು. "ನೀನು ಓದಿದೋಳು, ಬಿಡು ಅಂದೆ. ಅದ್ರಾಗೇ ಏನೋ ಗೊತ್ತಾಗ್ತದೇನೋ ಅಂದ್ಕಂಡೆ."

ನಾನು ಪರೀಕ್ಷಿಸಿದ್ದು ಒಂದೇ ಒಲೆಯ ಮೇಲೆ ಕುದಿಸಿದ ನೀರನ್ನು, ಎಂಟು ಸಲ. ನಾನು ಯಾವ ಹೆಂಗಸರನ್ನು ತಿಳಿಗೇಡಿಗಳೆಂದು ದಿನಚರಿಯಲ್ಲಿ ಬರೆದಿದ್ದೆನೋ ಅವರು ತಮ್ಮ ನಲ್ಲಿಯ ನೀರು ಕೊಡಲು ಯೋಗ್ಯವಲ್ಲ ಎಂದು ಯಾವ ನಳಿಕೆಯೂ ಇಲ್ಲದೆ ತಿಳಿದಿದ್ದರು. ಹಾಗೆಂದು ಅವರನ್ನು ಹೊಗಳಲೂ ನನಗೆ ಮನಸ್ಸಿಲ್ಲ. ಹೊರಗಿನವರ ಕೈಗೆ ಕೊಡಲು ನಾಚಿಕೆಪಟ್ಟ ಅದೇ ನೀರನ್ನು ಅವರಲ್ಲಿ ಹೆಚ್ಚಿನವರು ತಮ್ಮ ಮಕ್ಕಳಿಗೆ ದಿನವೂ ಕುಡಿಸುತ್ತಿದ್ದರು. ಆಸ್ಪತ್ರೆಗೆ ಬಂದ ಉಳಿದ ಮೂರು ಮಕ್ಕಳು ಆ ಮನೆಗಳವೇ.

ಬೆಳಗಾಗುವ ಹೊತ್ತಿಗೆ ಮಗು ಅತ್ತಿತು. ಮಧ್ಯಾಹ್ನ ಮೂತ್ರ ಮಾಡಿತು. ವೈದ್ಯರು ಇನ್ನು ಪರವಾಗಿಲ್ಲ ಎಂದರು.

ಅವತ್ತೇ ಅಜ್ಜಂಪುರಕ್ಕೆ ಹೋಗಿ ಅಕ್ಕನ ಮನೆಯಲ್ಲಿ ಉಳಿದೆ. ಫೋನು ಮಾಡಿ ಹೇಳಿದ್ದರಿಂದ ಅಟೆಂಡರ್ ಕಡೂರಿನಿಂದ ಹೊಸ ಬಾಟಲಿ, ಮಂಜುಗಡ್ಡೆ ಹೊತ್ತುಕೊಂಡು ಸಂಜೆಯ ರೈಲಿಗೆ ಬಂದರು. ಬೆಳಿಗ್ಗೆ ಆರಕ್ಕೆ ಎಂಟು ಗುಂಡಿಗೂ ನಾನೇ ಇಳಿದೆ. ಪಾದ ಮುಳುಗುವಷ್ಟು ಕೊಚ್ಚೆ. ನಲ್ಲಿಯ ಬಾಯಿ ಆ ಕೊಚ್ಚೆಗಿಂತ ಒಂದು ಗೇಣು ಮೇಲಿತ್ತು, ಎರಡು ಮನೆಗಳಲ್ಲಿ ಅಷ್ಟೂ ಇರಲಿಲ್ಲ. ಸ್ಪಿರಿಟ್ ಉರಿ ಹಿಡಿಯಲು ಬಗ್ಗಿದಾಗ ನನ್ನ ಸೀರೆಯ ಅಂಚು ಸುಟ್ಟಿತು. ಎರಡು ನಿಮಿಷ ಹರಿಯಬಿಡು ಎನ್ನುವ ನನ್ನ ನಿಯಮವನ್ನು ಹೆಂಗಸರು ಬಿಂದಿಗೆ ಹಿಡಿದು ಸಾಲಾಗಿ ನಿಂತು ನೋಡುತ್ತಿದ್ದರು. ಮುಕ್ಕಾಲು ಗಂಟೆಯ ನೀರಿನಲ್ಲಿ ಮನೆಗೆ ಎರಡು ನಿಮಿಷ ಚೆಲ್ಲಲು ಹೇಳುವುದು ಎಂಥ ಮಾತೆಂದು ಆಗ ಗೊತ್ತಾಯಿತು. ಅಟೆಂಡರ್ ಮೇಲಿನಿಂದ ಕೈಕೊಟ್ಟು ಎಳೆಯುತ್ತ, "ಈಗ ಸರಿಯಾಗ್ ಇಳಿದ್ರಿ ಕೆಲ್ಸಕ್ಕೆ," ಎಂದರು. ಎರಡು ದಿನದ ಬಳಿಕ ಎಂಟಕ್ಕೆ ಎಂಟೂ ಹಳದಿ.

ಮೇಲಧಿಕಾರಿ ಬಂದಾಗ ಹಳೆಯ ಎಂಟು ಫಲಿತಾಂಶಗಳನ್ನು ಹೊಡೆದುಹಾಕಬೇಕೆಂದೆ. ಅವರಿಗೆ ಅಜ್ಜಂಪುರದ ಶುದ್ಧ ನಲ್ಲಿ ಬಹಳ ಇಷ್ಟವಾಗಿತ್ತು, ಇಡೀ ವರದಿಯಲ್ಲಿ ಒಳ್ಳೆಯ ಸುದ್ದಿ ಅದೊಂದೇ. ಬೇಕಾದರೆ ಎರಡನೆಯ ಸಲದ್ದನ್ನು ಅನುಬಂಧದಲ್ಲಿ ಹಾಕೋಣ ಎಂದರು. ನಾನು ಒಪ್ಪಲಿಲ್ಲ. ಆಗ ಅವರು ನಮೂನೆಗಳನ್ನು ನನ್ನ ಮುಂದೆ ಸರಿಸಿದರು.

"ನೋಡ್ರೀ, ಇಲ್ಲಿ ಸಂಗ್ರಹಿಸಿದವರು ಅಂತ ನಿಮ್ಮ ಸಹಿ ಇದೆ. ನೀವು ಸಂಗ್ರಹಿಸಿಲ್ಲ ಅಂದ್ರೆ ಇದು ಸುಳ್ಳು ದಾಖಲೆ ಆಗುತ್ತೆ. ಯೋಚನೆ ಮಾಡಿ. ನಾನು ಏನೂ ನೋಡಿಲ್ಲ, ನೀವೂ ಆ ತರೀಕೆರೆ ಬಾಟಲಿ ವಿಷಯ ಎತ್ತಬೇಡಿ."

ಯೋಚನೆ ಮಾಡಿದೆ, ಹೆಚ್ಚೆಂದರೆ ಒಂದು ಮಧ್ಯಾಹ್ನ. ನಾನು ಧೈರ್ಯವಂತೆ ಎಂದು ಯಾರೂ ತಿಳಿಯಬಾರದು. ಅವರ ಜೊತೆ ಒಂದೇ ಗುಟ್ಟಿನಲ್ಲಿ ಪಾಲುದಾರಳಾಗುವುದು ನನಗೆ ಸಹಿಸಲಾಗದ ವಿಷಯವಾಗಿತ್ತು, ಅಷ್ಟೇ. ತಿರಸ್ಕಾರದಿಂದ ಜೀವನದಲ್ಲಿ ನನಗಾದ ಒಂದೇ ಉಪಕಾರ ಅದು. ಎಂಟು ನಮೂನೆಗಳ ಮೇಲೂ ಅಡ್ಡಗೆರೆ ಎಳೆದು, "ಈ ಮಾದರಿಗಳನ್ನು ನಾನು ಸಂಗ್ರಹಿಸಿಲ್ಲ, ಮನೆಯವರು ಕುದಿಸಿದ ನೀರು ತುಂಬಿದ್ದಾರೆ, ತಪ್ಪು ನನ್ನದು" ಎಂದು ಬರೆದು ಸಹಿ ಹಾಕಿದೆ. ಬಾಟಲಿಯ ಕಾಲಂ ಸೇರಿಸಿದೆ. ಇನ್ನೊಂದು ಪ್ರತಿಯನ್ನು ತರೀಕೆರೆಯ ವೈದ್ಯರಿಗೆ ಕೊಟ್ಟೆ. ವರ್ಷ ಮುಗಿದಾಗ ನನ್ನ ಕೆಲಸವನ್ನು ಮುಂದುವರಿಸಲಿಲ್ಲ. ವರದಿ ಏನಾಯಿತೋ ತಿಳಿಯದು. ವೈದ್ಯರು ಅಜ್ಜಂಪುರದ ಆ ಬೀದಿಗೆ ಹೋಗಿ ಗುಂಡಿಗಳನ್ನು ಮುಚ್ಚಿಸಲು ಹೇಳಿದರಂತೆ. ಮೂರು ಮನೆಯವರು ಮುಚ್ಚಿಸಿದರು.

ಅಕ್ಕನ ಮನೆಯಲ್ಲಿ ಮತ್ತೆ ನೀರು ಕುದಿಯತೊಡಗಿತು, ಈಗ ಎಲ್ಲರಿಗೂ. ಎರಡು ಪಾಲು ಸೌದೆ, ಎರಡು ಪಾಲು ಹೊಗೆ. ಫಿಲ್ಟರಿಗೆ ಭಾವ ವಾಷರ್ ಹಾಕಿಸಿದರು. ಅದು ಈಗ ತೊಟ್ಟು ತೊಟ್ಟಾಗಿ ಇಳಿಯುತ್ತದೆಂದು ಬಂದವರ ಮುಂದೆ ಬೇಸರಪಟ್ಟುಕೊಳ್ಳುತ್ತಿದ್ದರು.

ಮಗುವನ್ನು ಮನೆಗೆ ಕರೆತಂದ ವಾರ ನಾನು ಅಲ್ಲಿಗೆ ಹೋಗಿದ್ದೆ. ಅತ್ತೆ ನನ್ನೊಡನೆ ಹಿಂದಿಗಿಂತ ಮೆತ್ತಗೆ ಮಾತಾಡುತ್ತಿದ್ದರು. ಬಾಟಲಿ ತುಂಬಿದ ಬೆಳಗಿನ ಮಾತು ಮತ್ತೆ ಬಂದಾಗ, ಸೊಂಟ ಹಿಡಿದುಕೊಂಡದ್ದರಿಂದ ತಮಗೆ ಬಿಂದಿಗೆ ಬಗ್ಗಿಸಲು ಆಗಲಿಲ್ಲವೆಂದು, ತಾವು ಬಟ್ಟೆ ಹಿಡಿದುಕೊಂಡಿದ್ದಷ್ಟೇ ಎಂದು ಹೇಳಿದರು. "ಎಲ್ಲಾ ಮನೆ ಬಾಟ್ಲಿಗೂ ನಿಮ್ಮಕ್ಕನೇ ಹುಯ್ದಿದ್ದು. ಒಂದ್ ತೊಟ್ಟು ಚೆಲ್ಲಿಲ್ಲ."

ನಾನು ಅಡುಗೆಮನೆಗೆ ಹೋದೆ. ಅಕ್ಕ ಒಲೆಯ ಮುಂದೆ ಕೂತು ಊದುತ್ತಿದ್ದಳು. ಹಜಾರದಲ್ಲಿ ನಾನು ಕೆಂಪು ದಾರದ ಫಲಿತಾಂಶ ಓದಿದ ದಿನ ಅವಳು ನನ್ನ ಪಕ್ಕದಲ್ಲೇ ನಿಂತಿದ್ದಳು, ಮಗುವನ್ನು ಸೊಂಟದಲ್ಲಿ ಇಟ್ಟುಕೊಂಡು. ಅತ್ತೆ ಬಾಯಿ ತೆರೆದಾಗಲೂ ಅಲ್ಲೇ ಇದ್ದಳು. ಕೇಳಿದೆ. ಅವಳು ಊದುವ ಕೊಳವೆ ಕೆಳಗಿಟ್ಟು, ಮಗು ಎದ್ದಿತೇನೋ ಎಂದು ಒಳಗೆ ಹೋದಳು. ಮಗು ಎದ್ದಿರಲಿಲ್ಲ. ಕೆಲವು ತಿಂಗಳ ಮೇಲೆ ಕಾಗದದಲ್ಲಿ ಮತ್ತೆ ಕೇಳಿದೆ. ಎರಡು ಪುಟದ ಉತ್ತರ ಬಂತು, 'ಮಗು ನಡೆಯುತ್ತಿದೆ, ಅತ್ತೆಗೆ ಕಣ್ಣಿನ ಪೊರೆ, ಗ್ಯಾಸ್ ಒಲೆಗೆ ಹೆಸರು ಬರೆಸಿದ್ದೇವೆ' ಎಂದೆಲ್ಲ ಇತ್ತು. ಆಮೇಲೆ ನಾನು ಬರೆದು ಕೇಳಲಿಲ್ಲ. ನಾನು ಕೇಳಿದ್ದು ಇಷ್ಟು:

"ಬಾಟ್ಲಿಗೆ ಹುಯ್ದೋಳು ನೀನು. ಇನ್ಮೇಲೆ ಕುದಿಸೋದು ಬೇಡ ಅಂತ ನಾನು ಹೇಳ್ದಾಗ, ಅದು ಕುದಿಸಿದ ನೀರು ಅಂತ ನೀನ್ಯಾಕೆ ಹೇಳ್ಲಿಲ್ಲ ಅಕ್ಕ?"